ಸೋಫಿಯಾದಲ್ಲಿ ನೋಡೋಕೆ ಏನಿದೆ?

ಪ್ರಶ್ನೆ: ನಾನು ದಾವಣಗೆರೆಯವಳು, ನಿವೃತ್ತ ಕನ್ನಡ ಶಿಕ್ಷಕಿ. ವಯಸ್ಸು 61. ಮಗ ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾನೆ. ಬರುವ ಮೇ ತಿಂಗಳಲ್ಲಿ ನಾನು ಮತ್ತು ನಮ್ಮ ಯಜಮಾನರು ಐದು ವಾರ ಅವನ ಹತ್ತಿರ ಇರಲು ಹೋಗುತ್ತಿದ್ದೇವೆ. ನಡುವೆ ನಾಲ್ಕೈದು ದಿನ ಎಲ್ಲಾದರೂ ಹೋಗಿಬರೋಣ ಎಂದು ಮಗ ಬಲ್ಗೇರಿಯಾದ ರಾಜಧಾನಿ ಸೋಫಿಯಾ ಆರಿಸಿದ್ದಾನೆ. ನಮ್ಮ ಊರಿನ ಟ್ರಾವೆಲ್ ಏಜೆಂಟ್ 'ಅಲ್ಲೇನಿದೆ ಮೇಡಂ, ಪ್ಯಾರಿಸ್ಸೋ ಸ್ವಿಟ್ಜರ್‌ಲ್ಯಾಂಡೋ ನೋಡಿ' ಎಂದರು. ನಾದಿನಿ 'ಬಡ ದೇಶ, ಕಳ್ಳಕಾಕರು ಜಾಸ್ತಿ' ಎಂದು ಹೆದರಿಸಿದ್ದಾಳೆ. ಬಲ್ಗೇರಿಯಾಗೆ ಬೇರೆ ವೀಸಾ ಬೇಕು ಎಂದು ಇಂಟರ್‌ನೆಟ್‌ನಲ್ಲಿ ಓದಿದೆ. ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಯಜಮಾನರಿಗೆ ಮಂಡಿನೋವು. ಯುರೋಪಿಗೆ ಹೋಗುವುದು ಬಹುಶಃ ಇದೊಂದೇ ಸಲ. ಆ ನಾಲ್ಕು ದಿನ ದಂಡವಾಗಬಾರದು. ಏನು ಮಾಡೋಣ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ವೀಸಾ ಇದೆ, ಊಟ ಇದೆ, ಕಳ್ಳರಿದ್ದಾರೆ, ಮಂಡಿನೋವಿದೆ. ಆದರೆ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಕೊನೆಯ ಮಾತು ಅನಿಸಿತು. ಒಂದೇ ಸಲ ಸಿಗುವ ಅವಕಾಶ, ತಪ್ಪು ಊರಿಗೆ ಹೋಗಿಬಿಟ್ಟರೆ? ನಾನು ಹದಿನೆಂಟು ವರ್ಷದಿಂದ ಜನರಿಗೆ ಯುರೋಪ್ ಪ್ರವಾಸ ಹೊಂದಿಸಿಕೊಡುತ್ತಾ ಬಂದಿದ್ದೇನೆ. ಈ ಚಿಂತೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಸೋಫಿಯಾ ಎಲ್ಲರಿಗೂ ಹಿಡಿಸುವ ಊರಲ್ಲ. ನಿಮಗೆ ಹಿಡಿಸುತ್ತದೆ ಎಂದು ನನಗೆ ಬಲವಾಗಿ ಅನಿಸುತ್ತದೆ. ಯಾಕೆ ಅನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ, ಮೊದಲು ಭಯಗಳನ್ನು ನೋಡೋಣ.

ವೀಸಾ ವಿಷಯ. ನೀವು ಓದಿದ್ದು ಒಂದು ಕಾಲಕ್ಕೆ ನಿಜವಾಗಿತ್ತು, ಈಗ ಅಲ್ಲ. ಬಲ್ಗೇರಿಯಾ 2007ರಲ್ಲೇ ಯುರೋಪಿಯನ್ ಒಕ್ಕೂಟಕ್ಕೆ ಸೇರಿತು. ಆದರೆ ಶೆಂಗೆನ್ ವಲಯಕ್ಕೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿಗೆ, ಸೇರಲು ಬಹಳ ವರ್ಷ ಕಾಯಬೇಕಾಯಿತು. 2024ರ ಮಾರ್ಚ್ 31ರಿಂದ ವಿಮಾನ ಮತ್ತು ಹಡಗಿನ ದಾರಿ ತೆರೆಯಿತು, 2025ರ ಜನವರಿ 1ರಿಂದ ರಸ್ತೆ, ರೈಲಿನ ದಾರಿಯೂ ತೆರೆಯಿತು. ಹಳೆಯ ಬರಹಗಳು ಮಾತ್ರ ಇಂಟರ್‌ನೆಟ್‌ನಲ್ಲಿ ಹಾಗೇ ಉಳಿದುಕೊಂಡಿವೆ. ನೀವು ಹೆಚ್ಚು ದಿನ ಇರುವುದು ಜರ್ಮನಿಯಲ್ಲಿ. ಹಾಗಾಗಿ ಅರ್ಜಿ ಜರ್ಮನಿಗೇ ಹಾಕಬೇಕು. ಪ್ರವಾಸದ ವಿವರದಲ್ಲಿ ಸೋಫಿಯಾದ ದಿನಗಳನ್ನೂ ಮುಚ್ಚುಮರೆಯಿಲ್ಲದೆ ಬರೆಯಿರಿ. ಅದೇ ವೀಸಾದಲ್ಲಿ ಮ್ಯೂನಿಕ್‌ನಿಂದ ಸೋಫಿಯಾಗೆ ಹೋಗಿ ಬರಬಹುದು. ಒಂದೇ ಪ್ರವೇಶದ ವೀಸಾ ಸಿಕ್ಕರೂ ತೊಂದರೆ ಇಲ್ಲ, ಯಾಕೆಂದರೆ ನೀವು ಶೆಂಗೆನ್ ಗಡಿ ದಾಟುವುದೇ ಇಲ್ಲ.

ಒಂದು ಕಡೆ ಮಾತ್ರ ಬಹಳ ಎಚ್ಚರ ಬೇಕು. ಟಿಕೆಟ್ ಅಗ್ಗ ಎಂದು ಮಗ ಇಸ್ತಾಂಬುಲ್ ಅಥವಾ ಬೆಲ್‌ಗ್ರೇಡ್ ಮೇಲೆ ಹೋಗುವ ವಿಮಾನ ಹಿಡಿದರೆ ಕಥೆ ಬೇರೆ. ಟರ್ಕಿ, ಸರ್ಬಿಯಾ ಎರಡೂ ಶೆಂಗೆನ್ ಆಚೆಗಿವೆ. ಅಲ್ಲಿ ಕಾಲಿಟ್ಟರೆ ನಿಮ್ಮ ಒಂದು ಪ್ರವೇಶ ಮುಗಿಯಿತು, ಮತ್ತೆ ಒಳಗೆ ಬಿಡುವುದಿಲ್ಲ. ಮಗನಿಗೆ ಜರ್ಮನಿಯ ವಾಸದ ಪರವಾನಗಿ ಇರುವುದರಿಂದ ಅವನಿಗೆ ಇದು ಹೊಳೆಯದೇ ಹೋಗಬಹುದು. ಮ್ಯೂನಿಕ್‌ನಿಂದ ನೇರ ವಿಮಾನಕ್ಕೆ ಎರಡು ಗಂಟೆ ಸಾಕು. ಅದನ್ನೇ ಹಿಡಿಯಲು ಹೇಳಿ. ಪ್ರವಾಸ ವಿಮೆ ಕನಿಷ್ಠ 30,000 ಯೂರೋದ್ದು, ಇಡೀ ಶೆಂಗೆನ್ ವಲಯಕ್ಕೆ ನಡೆಯುವಂಥದ್ದು ಇರಲಿ. ಒಳಗಿನ ವಿಮಾನ ತಾನೇ ಎಂದು ಪಾಸ್‌ಪೋರ್ಟ್ ಮನೆಯಲ್ಲಿ ಬಿಟ್ಟು ಹೋಗಬೇಡಿ.

ದುಡ್ಡಿನ ವಿಷಯ ಈಗ ಸಲೀಸು. 2026ರ ಜನವರಿ 1ರಿಂದ ಬಲ್ಗೇರಿಯಾದಲ್ಲೂ ಯೂರೋ. ಮೊದಲಿದ್ದ ಲೆವ್ ನೋಟು ಅಂಗಡಿಯಲ್ಲಿ ನಡೆಯುವುದಿಲ್ಲ. ಯಾರಾದರೂ ಚಿಲ್ಲರೆಯಾಗಿ ಲೆವ್ ಕೊಟ್ಟರೆ ವಾಪಸ್ ಕೊಟ್ಟುಬಿಡಿ.

ಇನ್ನು ಏಜೆಂಟ್ ಹೇಳಿದ 'ಅಲ್ಲೇನಿದೆ'. ಅವರು ಸುಳ್ಳು ಹೇಳುತ್ತಿಲ್ಲ. ನಮ್ಮಲ್ಲಿಂದ ಹೊರಡುವ ಗುಂಪು ಪ್ರವಾಸಗಳಿಗೆ ತುಳಿದು ಸವೆದ ಒಂದು ದಾರಿ ಇದೆ: ಪ್ಯಾರಿಸ್, ಸ್ವಿಟ್ಜರ್‌ಲ್ಯಾಂಡ್, ಇಟಲಿ. ಹೋಟೆಲು, ಬಸ್ಸು, ಭಾರತೀಯ ಊಟ ಎಲ್ಲ ಅಲ್ಲಿ ಮೊದಲೇ ಹೊಂದಿಸಿಟ್ಟಿರುತ್ತದೆ. ಸೋಫಿಯಾ ಆ ದಾರಿಯಲ್ಲಿ ಬರುವುದಿಲ್ಲ. ಕೇಳುವವರಿಲ್ಲ ಎಂದು ಯಾರೂ ಮಾರುವುದಿಲ್ಲ, ಮಾರುವವರಿಲ್ಲ ಎಂದು ಯಾರೂ ಕೇಳುವುದಿಲ್ಲ.

ಇದರ ಹಿಂದೆ ಚರಿತ್ರೆಯೂ ಇದೆ. ಸುಮಾರು ಐನೂರು ವರ್ಷ ಈ ಊರು ಆಟೊಮನ್ ತುರ್ಕರ ಆಳ್ವಿಕೆಯಲ್ಲಿತ್ತು. 1879ರಲ್ಲಿ ಬಲ್ಗೇರಿಯಾದ ರಾಜಧಾನಿ ಎಂದು ಆರಿಸಿದಾಗ ಇದು ಸಣ್ಣ ಊರು. ವಿಯೆನ್ನಾ, ಪ್ಯಾರಿಸ್‌ನಂತೆ ನೂರಾರು ವರ್ಷ ರಾಜರು ದುಡ್ಡು ಸುರಿದು ಕಟ್ಟಿದ್ದಲ್ಲ. ಆಮೇಲೆ ಎರಡನೇ ಮಹಾಯುದ್ಧ ಬಂತು, 1943-44ರಲ್ಲಿ ಬಾಂಬು ಬಿದ್ದು ಊರಿನ ನಡುಭಾಗ ಹಾಳಾಯಿತು. ನಂತರ 1989ರವರೆಗೆ ಕಮ್ಯುನಿಸ್ಟ್ ಸರ್ಕಾರ. ಊರಿನ ಸುತ್ತ ಒಂದೇ ಅಚ್ಚಿನ ಕಾಂಕ್ರೀಟ್ ವಸತಿ ಕಟ್ಟಡಗಳು ಎದ್ದವು. ವಿಮಾನ ಇಳಿಯುವಾಗ ಮೊದಲು ಕಣ್ಣಿಗೆ ಬೀಳುವುದು ಅವೇ. ಬೇಜಾರಾಗಬೇಡಿ.

ಮೊದಲ ದಿನ ಬೆಳಿಗ್ಗೆ ಸೆರ್ದಿಕಾ ಮೆಟ್ರೊ ನಿಲ್ದಾಣದಿಂದ ಶುರು ಮಾಡಿ. ಸೆರ್ದಿಕಾ ಅಂದರೆ ರೋಮನ್ನರ ಕಾಲದಲ್ಲಿ ಈ ಊರಿನ ಹೆಸರು. ಮೆಟ್ರೊಗೆ ಅಗೆಯುವಾಗ ಆ ಹಳೆಯ ಊರೇ ಎದ್ದು ಬಂತು. ಬೀದಿ, ಮನೆಗಳ ತಳಪಾಯ, ನೀರಿನ ಕೊಳವೆ. ಅದನ್ನು ಮುಚ್ಚದೆ ಹಾಗೇ ಉಳಿಸಿದ್ದಾರೆ. ಜನ ಕೆಲಸಕ್ಕೆ ಓಡುತ್ತಾ ಸಾವಿರದ ಐನೂರು ವರ್ಷಕ್ಕಿಂತ ಹಳೆಯ ಕಲ್ಲುಹಾಸಿನ ಪಕ್ಕದಲ್ಲೇ ಹಾದುಹೋಗುತ್ತಾರೆ. ಟಿಕೆಟ್ಟಿಲ್ಲದೆ ನೀವೂ ಅಲ್ಲಿ ನಿಂತು ನೋಡಬಹುದು. ಪಕ್ಕದಲ್ಲೇ ರಸ್ತೆ ಮಟ್ಟಕ್ಕಿಂತ ಕೆಳಗೆ, ಹಂಚಿನ ಮಾಡಷ್ಟೇ ಕಾಣುವ ಪುಟ್ಟ ಚರ್ಚ್ ಇದೆ. ಮೇಲೆ ಬಂದರೆ 16ನೇ ಶತಮಾನದ ಬನ್ಯಾ ಬಾಶಿ ಮಸೀದಿ. ಇನ್ನೆರಡು ನಿಮಿಷ ನಡೆದರೆ ಯಹೂದಿಗಳ ದೊಡ್ಡ ಪ್ರಾರ್ಥನಾ ಮಂದಿರ, 1909ರಲ್ಲಿ ತೆರೆದದ್ದು.

ಆ ಮಂದಿರದ ಒಳಗೆ ಸ್ವಲ್ಪ ಹೊತ್ತು ಕೂರಿ. 1943ರಲ್ಲಿ ಬಲ್ಗೇರಿಯಾ ಹಿಟ್ಲರನ ಪಾಳೆಯದಲ್ಲಿತ್ತು. ಯಹೂದಿಗಳನ್ನು ರೈಲಿಗೆ ಹತ್ತಿಸಿ ಕಳಿಸಲು ತಯಾರಿ ನಡೆದಿತ್ತು. ಆಗ ಸಂಸತ್ತಿನ ಉಪಾಧ್ಯಕ್ಷ ದಿಮಿತರ್ ಪೆಶೆವ್, ಸೋಫಿಯಾದ ಧರ್ಮಗುರು ಸ್ತೆಫಾನ್, ಪ್ಲೊವ್‌ದಿವ್‌ನ ಧರ್ಮಗುರು ಕಿರಿಲ್ ಎದ್ದು ನಿಂತು ವಿರೋಧಿಸಿದರು. ಜನರೂ ಜೊತೆಗೂಡಿದರು. ದೇಶದ ಒಳಗಿದ್ದ ಸುಮಾರು 48,000 ಯಹೂದಿಗಳು ಉಳಿದುಕೊಂಡರು. ಇದನ್ನು ಹೇಳುವಾಗ ಇನ್ನೊಂದನ್ನೂ ಹೇಳಲೇಬೇಕು. ಆಗ ಬಲ್ಗೇರಿಯಾದ ಹಿಡಿತದಲ್ಲಿದ್ದ ಥ್ರೇಸ್, ಮ್ಯಾಸಿಡೋನಿಯಾ ಕಡೆಯ 11,000ಕ್ಕೂ ಹೆಚ್ಚು ಯಹೂದಿಗಳನ್ನು ಅದೇ ಸರ್ಕಾರ ಸಾವಿಗೆ ಕಳಿಸಿತು. ಎರಡೂ ನಡೆದಿವೆ. ಎರಡನ್ನೂ ತಿಳಿದು ಆ ಬೀದಿಯಲ್ಲಿ ನಡೆದರೆ ಊರು ಬೇರೆಯಾಗಿ ಕಾಣುತ್ತದೆ.

ಮಸೀದಿಯ ಹಿಂದೆ ಹಳೆಯ ಸಾರ್ವಜನಿಕ ಸ್ನಾನಗೃಹ ಇದೆ, ಪಟ್ಟೆ ಪಟ್ಟೆಯ ಚೆಂದದ ಕಟ್ಟಡ. ಈಗ ಅದು ಊರಿನ ಚರಿತ್ರೆಯ ಮ್ಯೂಸಿಯಂ. ಅದರ ಹತ್ತಿರ ನಲ್ಲಿಗಳಲ್ಲಿ ನೆಲದಡಿಯ ಖನಿಜ ನೀರು ಬಿಸಿಬಿಸಿಯಾಗಿ ಸದಾ ಹರಿಯುತ್ತಿರುತ್ತದೆ. ಅಜ್ಜ ಅಜ್ಜಿಯರು ಕ್ಯಾನು, ಬಾಟಲಿ ತಂದು ತುಂಬಿಕೊಂಡು ಮಾತಾಡುತ್ತಾ ನಿಂತಿರುತ್ತಾರೆ. ನನಗೆ ಸೋಫಿಯಾದಲ್ಲಿ ಎಲ್ಲಕ್ಕಿಂತ ಇಷ್ಟದ ಜಾಗ ಇದು. ಅಲ್ಲಿ ಬೆಂಚುಗಳಿವೆ, ಯಜಮಾನರು ಮಂಡಿಗೆ ಬಿಡುವು ಕೊಡಬಹುದು.

ಅಲೆಕ್ಸಾಂಡರ್ ನೆವ್‌ಸ್ಕಿ ಕ್ಯಾಥೆಡ್ರಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಲ್ಲ ಫೋಟೊಗಳಲ್ಲೂ ಇರುವ ಚಿನ್ನದ ಗುಮ್ಮಟ ಅದೇ, ನೀವು ಹೇಗೂ ನೋಡುತ್ತೀರಿ. ಆದರೆ ಅದರ ಪಕ್ಕದಲ್ಲಿ ಕೆಂಪು ಇಟ್ಟಿಗೆಯ ಸಾದಾ ಚರ್ಚ್ ಇದೆ, ಸಂತ ಸೋಫಿಯಾ, 6ನೇ ಶತಮಾನದ್ದು. ಊರಿಗೆ ಹೆಸರು ಬಂದದ್ದು ಅದರಿಂದ. ಅಧ್ಯಕ್ಷರ ಕಚೇರಿಯ ಹಿಂದಿನ ಅಂಗಳದಲ್ಲಿ 4ನೇ ಶತಮಾನದ ದುಂಡನೆಯ ಸಂತ ಜಾರ್ಜ್ ಚರ್ಚ್ ಇದೆ. ಇದನ್ನು ತಪ್ಪಿಸಬೇಡಿ.

ಬೊಯಾನಾ ಚರ್ಚಿಗೆ ಅರ್ಧ ದಿನ ಇಡಿ. ಊರಿನ ಅಂಚಿನಲ್ಲಿ, ವಿತೋಶಾ ಬೆಟ್ಟದ ಬುಡದಲ್ಲಿದೆ. ಒಳಗೆ 1259ರ ಗೋಡೆಚಿತ್ರಗಳಿವೆ. ಚಿತ್ರ ಹಾಳಾಗದಿರಲಿ ಎಂದು ಸಣ್ಣ ಗುಂಪಾಗಿ ಹತ್ತು ನಿಮಿಷ ಮಾತ್ರ ಬಿಡುತ್ತಾರೆ. ಸಂತರ ಮುಖಗಳ ನಡುವೆ ಆ ಚರ್ಚಿಗೆ ದಾನ ಕೊಟ್ಟ ಕಲೋಯಾನ್, ಅವನ ಹೆಂಡತಿ ದೆಸಿಸ್ಲಾವಾ ಇದ್ದಾರೆ. ಏಳೂವರೆ ಶತಮಾನದ ಹಿಂದಿನ ಆ ಹೆಂಗಸು ನಿಮ್ಮನ್ನೇ ನೋಡುತ್ತಿರುವಂತೆ ಅನಿಸುತ್ತದೆ.

ನಾದಿನಿಯ ಭಯಕ್ಕೆ ಬರೋಣ. ಯುರೋಪಿಯನ್ ಒಕ್ಕೂಟದ ಬಡ ದೇಶಗಳಲ್ಲಿ ಬಲ್ಗೇರಿಯಾ ಒಂದು, ಅದು ನಿಜ. ಅದರಿಂದ ಪ್ರವಾಸಿಗರಿಗೆ ಅಪಾಯ ಜಾಸ್ತಿ ಅನ್ನುವುದು ನಿಜವಲ್ಲ. ನಾನು ಕಂಡಂತೆ ಜೇಬುಗಳ್ಳರ ಕಾಟ ಪ್ಯಾರಿಸ್, ರೋಮ್, ಬಾರ್ಸಿಲೋನಾದಲ್ಲೇ ಹೆಚ್ಚು, ಯಾಕೆಂದರೆ ಪ್ರವಾಸಿಗರ ಜಂಗುಳಿ ಅಲ್ಲೇ ಇರುವುದು. ಸೋಫಿಯಾದಲ್ಲಿ ಟ್ರಾಮಿನ ನೂಕುನುಗ್ಗಲಲ್ಲಿ, ತರಕಾರಿ ಮಾರುವ ಹೆಂಗಸರ ಪೇಟೆಯಲ್ಲಿ ಕೈಚೀಲ ಮುಂದಕ್ಕೆ ಹಿಡಿದುಕೊಂಡರೆ ಸಾಕು. ಆ ಪೇಟೆಯನ್ನು ಅವರು 'ಪಜಾರ್' ಅನ್ನುತ್ತಾರೆ, ನಮ್ಮ ಬಜಾರೇ.

ನಿಜವಾದ ಮೋಸ ಟ್ಯಾಕ್ಸಿಯಲ್ಲಿ. ಎಲ್ಲ ಟ್ಯಾಕ್ಸಿಯೂ ಹಳದಿ. ದರದ ಚೀಟಿ ಕಾರಿನ ಗಾಜಿಗೆ ಅಂಟಿಸಿರಬೇಕು ಎಂಬುದು ನಿಯಮ. ಕೆಲವರು ಹೆಸರಾದ ಕಂಪನಿಯ ಬಣ್ಣ, ಅಕ್ಷರ ಎಲ್ಲ ಹೋಲುವಂತೆ ಮಾಡಿಕೊಂಡು, ಅದೇ ಚೀಟಿಯಲ್ಲಿ ಸಣ್ಣಕ್ಷರದಲ್ಲಿ ಹಲವು ಪಟ್ಟು ದರ ಬರೆದಿರುತ್ತಾರೆ. ಹತ್ತಿದ ಮೇಲೆ ವಾದ ಮಾಡಿ ಪ್ರಯೋಜನವಿಲ್ಲ. ನಾನು ಮೊದಲ ಸಲ ಹೋದಾಗ ಹೀಗೆ ಒಂದು ಸಣ್ಣ ದಾರಿಗೆ ಐದು ಪಟ್ಟು ಕೊಟ್ಟಿದ್ದೇನೆ. ಹೋಟೆಲಿನವರಿಂದ ಫೋನ್ ಮಾಡಿಸಿ ಕರೆಸಿ, ಇಲ್ಲವೇ ಮಗನ ಫೋನಿನ ಆ್ಯಪ್‌ನಲ್ಲಿ ಬುಕ್ ಮಾಡಿಸಿ. ವಿಮಾನ ನಿಲ್ದಾಣದಲ್ಲಂತೂ ಟ್ಯಾಕ್ಸಿ ಬೇಕಾಗಿಯೇ ಇಲ್ಲ. ಎರಡನೇ ಟರ್ಮಿನಲ್ ಪಕ್ಕದಲ್ಲೇ ಮೆಟ್ರೊ ಇದೆ, ನೇರ ಸೆರ್ದಿಕಾಗೆ ಬರುತ್ತದೆ, ಅರ್ಧ ಗಂಟೆ ಅಷ್ಟೇ. ಒಂದನೇ ಟರ್ಮಿನಲ್‌ನಲ್ಲಿ ಇಳಿದರೆ ಎರಡನೆಯದಕ್ಕೆ ಉಚಿತ ಬಸ್ ಇದೆ.

ನನ್ನ ಲೆಕ್ಕದಲ್ಲಿ ನಿಮಗೆ ಕಳ್ಳರಿಗಿಂತ ದೊಡ್ಡ ಅಪಾಯ ಕಾಲುದಾರಿ. ಫುಟ್‌ಪಾತ್ ಕಲ್ಲುಗಳು ಅಲ್ಲಲ್ಲಿ ಎದ್ದಿರುತ್ತವೆ. ಸಂಸತ್ತಿನ ಸುತ್ತಮುತ್ತ ನೂರು ವರ್ಷಕ್ಕೂ ಹಿಂದೆ ಹಾಸಿದ ಹಳದಿ ಕಲ್ಲುಗಳಿವೆ. ನೋಡಲು ಚೆಂದ, ಮಳೆ ಬಿದ್ದರೆ ಸೋಪು ಸವರಿದಂತೆ ಜಾರುತ್ತವೆ. ಮೇ ಅಲ್ಲಿ ಮಳೆಯ ತಿಂಗಳು. ಯಜಮಾನರಿಗೆ ಹಿಡಿತವಿರುವ ಶೂ, ಮಡಚುವ ಕೋಲು ಇರಲಿ. ಹೋಟೆಲು ಸೆರ್ದಿಕಾ ನಿಲ್ದಾಣಕ್ಕೆ ಹತ್ತು ನಿಮಿಷದ ಒಳಗೆ ಇರಲಿ, ಲಿಫ್ಟ್ ಇದೆಯಾ ಎಂದು ಮೊದಲೇ ಕೇಳಿ. ಹಳೆಯ ಕಟ್ಟಡಗಳಲ್ಲಿ ಎಷ್ಟೋ ಸಲ ಇರುವುದಿಲ್ಲ.

ಈಗ ಊಟ. ಇದರಲ್ಲಿ ನನ್ನಿಂದ ಆದ ಒಂದು ತಪ್ಪು ಹೇಳಲೇಬೇಕು. ಬಲ್ಗೇರಿಯಾದವರು 'ಹೌದು' ಅನ್ನಲು ತಲೆಯನ್ನು ಆ ಕಡೆ ಈ ಕಡೆ ಅಲ್ಲಾಡಿಸುತ್ತಾರೆ, 'ಇಲ್ಲ' ಅನ್ನಲು ಮೇಲಕ್ಕೆ ಎತ್ತುತ್ತಾರೆ. ನಮಗೆ ಪೂರ್ತಿ ಉಲ್ಟಾ. ಬನಿತ್ಸಾ ಎಂದು ಪದರ ಪದರದ ತಿಂಡಿ ಬೆಳಿಗ್ಗೆ ಎಲ್ಲ ಬೇಕರಿಯಲ್ಲೂ ಬಿಸಿಯಾಗಿ ಸಿಗುತ್ತದೆ, ಒಳಗೆ ಬಿಳಿ ಚೀಸ್ ಇರುತ್ತದೆ. ನನ್ನ ಜೊತೆ ಬಂದಿದ್ದ ಸಸ್ಯಾಹಾರಿ ದಂಪತಿಗಾಗಿ ನಾನು ಅಂಗಡಿಯ ಅಜ್ಜಿಯನ್ನು ಮೊಟ್ಟೆ ಇದೆಯಾ ಎಂದು ಕೇಳಿದೆ. ಅವರು ತಲೆ ಅಲ್ಲಾಡಿಸಿದರು. ಇಲ್ಲ ಅಂದರು ಎಂದುಕೊಂಡು ಕೊಡಿಸಿದೆ. ಬನಿತ್ಸಾಗೆ ಮೊಟ್ಟೆ ಹಾಕಿಯೇ ಮಾಡುತ್ತಾರೆ ಎಂದು ಆಮೇಲೆ ತಿಳಿಯಿತು. ಆ ದಂಪತಿಗೆ ಹೇಳಿ ಕ್ಷಮೆ ಕೇಳಿದೆ. ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತದೆ. ಹಾಗಾಗಿ ತಲೆಯನ್ನು ನೋಡಬೇಡಿ, ಬಾಯಿಂದ ಹೇಳಿಸಿ. 'ದಾ' ಅಂದರೆ ಹೌದು, 'ನೆ' ಅಂದರೆ ಇಲ್ಲ. ಪ್ರವಾಸಿಗರ ಜೊತೆ ಕೆಲಸ ಮಾಡುವ ಕೆಲವರು ನಮಗೆ ಅರ್ಥವಾಗಲಿ ಎಂದು ನಮ್ಮ ಥರ ತಲೆಯಾಡಿಸುವುದೂ ಉಂಟು, ಅಲ್ಲಿ ಗೊಂದಲ ಇನ್ನೂ ಜಾಸ್ತಿ.

ನಿಮಗೆ ದಾರಿ ತೋರಿಸುವ ಪದ ಒಂದಿದೆ: 'ಪೊಸ್ತ್ನೊ'. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ವರ್ಷದಲ್ಲಿ ಎಷ್ಟೋ ದಿನ ಉಪವಾಸ. ಆ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಆ ಅಡುಗೆಗೆ ಪೊಸ್ತ್ನೊ ಎಂದು ಹೆಸರು. 'ವೆಜಿಟೇರಿಯನ್' ಅಂದರೆ ಮೀನು ತಂದಿಡುವವರೂ ಈ ಮಾತಿಗೆ ಥಟ್ಟನೆ ಅರ್ಥ ಮಾಡಿಕೊಳ್ಳುತ್ತಾರೆ. ಹುರುಳಿಕಾಯಿ ಬೀಜದ ಸಾರು, ಅನ್ನ ತುಂಬಿದ ದಪ್ಪ ಮೆಣಸಿನಕಾಯಿ, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ, ಇವೆಲ್ಲ ಪೊಸ್ತ್ನೊ ಆಗಿಯೂ ಸಿಗುತ್ತವೆ. ಬರೀ ಹೆಸರು ನೋಡಿ ತರಿಸಬೇಡಿ, ಇವುಗಳ ಮಾಂಸದ ರೂಪವೂ ಇದೆ. ಲ್ಯುತೆನಿತ್ಸಾ ಎಂದು ಟೊಮ್ಯಾಟೊ, ಸುಟ್ಟ ಮೆಣಸಿನಕಾಯಿಯ ಗೊಜ್ಜು ಸಿಗುತ್ತದೆ. ಬ್ರೆಡ್ಡಿಗೆ ಹಚ್ಚಿ ತಿಂದರೆ ಊರಿನ ನೆನಪಾಗುತ್ತದೆ.

ಮೊಸರಂತೂ ಅವರ ಹೆಮ್ಮೆ. ಮೊಸರು ಮಾಡುವ ಬ್ಯಾಕ್ಟೀರಿಯಾವನ್ನು 1905ರಲ್ಲಿ ಗುರುತಿಸಿದ್ದು ಸ್ತಾಮೆನ್ ಗ್ರಿಗೊರೊವ್ ಎಂಬ ಬಲ್ಗೇರಿಯಾದ ಯುವಕ. ಅದಕ್ಕೆ ದೇಶದ ಹೆಸರೇ ಬಂತು, ಬಲ್ಗೇರಿಕಸ್ ಎಂದು. ತರಾತೋರ್ ಎಂಬ ತಣ್ಣನೆಯ ಸೂಪು ಕೇಳಿ: ತೆಳ್ಳಗಿನ ಮೊಸರಿಗೆ ಸೌತೆಕಾಯಿ, ಬೆಳ್ಳುಳ್ಳಿ, ಅಕ್ರೋಟು, ಮೇಲೆ ಸಬ್ಬಸಿಗೆ ಸೊಪ್ಪು. ಮಜ್ಜಿಗೆಗೆ ಅವರು ಐರಾನ್ ಅನ್ನುತ್ತಾರೆ. ಚೀಸ್ ವಿಷಯದಲ್ಲಿ ನೀವು ಕಟ್ಟುನಿಟ್ಟಾಗಿದ್ದರೆ ಒಂದು ಮಾತು. ಹಾಲು ಒಡೆಯಲು ಬಳಸುವ ರೆನೆಟ್ ಎಷ್ಟೋ ಸಲ ಪ್ರಾಣಿಯದ್ದಾಗಿರುತ್ತದೆ. ಅದು ಜರ್ಮನಿಗೂ ಅನ್ವಯಿಸುತ್ತದೆ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿದರೆ ರಾತ್ರಿ ಅನ್ನ ಮಾಡಿಕೊಂಡು ಮೊಸರು ಕಲಸಿ ಊಟ ಮುಗಿಸಬಹುದು.

ಇನ್ನು ನಾಲ್ಕೈದು ದಿನ ಹೇಗೆ ಬಳಸುವುದು. ಹಲವರು ಎರಡೇ ದಿನ ಇಟ್ಟು, ಒಂದು ದಿನ ರಿಲಾ ಮಠಕ್ಕೆ ಹೋಗಿಬರುತ್ತಾರೆ. ಹಾಗೆ ಮಾಡಿದವರೇ ಬಂದು 'ಸೋಫಿಯಾದಲ್ಲಿ ಏನೂ ಇಲ್ಲ' ಅನ್ನುವುದು. ಆ ಊರು ಅವಸರದವರಿಗೆ ಸಿಗುವುದಿಲ್ಲ. ರಿಲಾಗೆ ಖಂಡಿತ ಹೋಗಿ, ಆದರೆ ಅದಕ್ಕೇ ಒಂದು ಪೂರ್ತಿ ದಿನ ಕೊಡಿ. ಸುಮಾರು 120 ಕಿಲೋಮೀಟರ್ ದೂರ, ಹೋಗಲು ಎರಡು ಗಂಟೆಗೂ ಹೆಚ್ಚು. 1833ರ ಬೆಂಕಿಯ ನಂತರ ಮತ್ತೆ ಕಟ್ಟಿದ ಮಠ, ಕಾಡಿನ ನಡುವೆ ಇದೆ. ಮ್ಯೂಸಿಯಂನಲ್ಲಿ ರಫಾಯಿಲ್ ಎಂಬ ಸನ್ಯಾಸಿ ಹನ್ನೆರಡು ವರ್ಷ ಕೂತು ಕೆತ್ತಿದ ಮರದ ಶಿಲುಬೆ ಇದೆ. ಅದು ಮುಗಿಯುವ ಹೊತ್ತಿಗೆ ಆತನ ಕಣ್ಣೇ ಹೋಯಿತಂತೆ. ಮಂಡಿನೋವಿಗೆ ಬಸ್ಸಿನ ಇಕ್ಕಟ್ಟು ಸೀಟಿಗಿಂತ ಮೂವರೂ ಸೇರಿ ಡ್ರೈವರ್ ಇರುವ ಕಾರು ಹಿಡಿಯುವುದು ಮೇಲು. ಖರ್ಚು ಜಾಸ್ತಿಯಾದರೂ ಅಲ್ಲಿ ಮಾತ್ರ ಉಳಿತಾಯ ನೋಡಬೇಡಿ.

ಪ್ಲೊವ್‌ದಿವ್ ಊರನ್ನೂ ಸೇರಿಸೋಣ ಎಂದು ಮಗ ಹೇಳಬಹುದು. ಒಳ್ಳೆಯ ಊರೇ, ಆದರೆ ಹಳೆಯ ಭಾಗ ಪೂರ್ತಿ ಏರು, ಉರುಟು ಕಲ್ಲಿನ ದಾರಿ. ಯಜಮಾನರ ದೃಷ್ಟಿಯಿಂದ ನಾನು ಬೇಡ ಅನ್ನುತ್ತೇನೆ. ಸೋಫಿಯಾ ಬಿಟ್ಟು ಪ್ಯಾರಿಸ್‌ಗೆ ಹೋಗುವುದೂ ತಪ್ಪಲ್ಲ. ಐಫೆಲ್ ಟವರ್ ಮುಂದೆ ನಿಲ್ಲಬೇಕೆಂಬ ಆಸೆ ಯಜಮಾನರಿಗೆ ಮೊದಲಿಂದ ಇದ್ದರೆ ಅದನ್ನೇ ಮಾಡಿ. ಅಂಥ ಆಸೆಯನ್ನು ಬೇರೆ ಊರು ತೀರಿಸುವುದಿಲ್ಲ. ಅಲ್ಲಿ ಖರ್ಚು ಹೆಚ್ಚು, ಸಾಲು ಉದ್ದ, ನಿಲ್ಲುವುದು ಜಾಸ್ತಿ ಎಂದು ಲೆಕ್ಕದಲ್ಲಿಟ್ಟುಕೊಂಡು ಹೋಗಿ.

ಆದರೆ ನೀವು ಕನ್ನಡ ಟೀಚರ್, ಹೋಗುತ್ತಿರುವುದು ಮೇ ತಿಂಗಳು. ಅದಕ್ಕೇ ನಾನು ಸೋಫಿಯಾ ಅನ್ನುತ್ತಿರುವುದು. ರಷ್ಯನ್ನರು ಬರೆಯುವ ಸಿರಿಲಿಕ್ ಲಿಪಿ ಹುಟ್ಟಿದ್ದು ರಷ್ಯಾದಲ್ಲಲ್ಲ, ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಬಲ್ಗೇರಿಯಾ ರಾಜ್ಯದಲ್ಲಿ. ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಅಣ್ಣತಮ್ಮಂದಿರು ಸ್ಲಾವ್ ಭಾಷೆಗೆ ಮೊದಲು ಅಕ್ಷರ ಕೊಟ್ಟರು. ಅವರ ಶಿಷ್ಯರು ಬಲ್ಗೇರಿಯಾಗೆ ಬಂದು ಪಾಠ ಹೇಳಿದರು, ಸಿರಿಲಿಕ್ ಅಲ್ಲಿ ರೂಪುಗೊಂಡಿತು. ನಿಮ್ಮ ಕೈಯಲ್ಲಿರುವ ಯೂರೋ ನೋಟನ್ನು ನೋಡಿ. ಅದರ ಮೇಲೆ ಸಿರಿಲಿಕ್‌ನಲ್ಲೂ ಯೂರೋ ಎಂದು ಬರೆದಿದೆ. ಅದು ಅಲ್ಲಿಗೆ ಬಂದದ್ದು ಬಲ್ಗೇರಿಯಾದಿಂದ.

ಮೇ 24 ಆ ದೇಶದಲ್ಲಿ ರಜೆ. ಅಕ್ಷರದ ಹಬ್ಬ, ಓದಿನ ಹಬ್ಬ. ಸೋಫಿಯಾದ ರಾಷ್ಟ್ರೀಯ ಗ್ರಂಥಾಲಯದ ಮುಂದೆ ಆ ಅಣ್ಣತಮ್ಮಂದಿರ ಪ್ರತಿಮೆ ಇದೆ. ಅವತ್ತು ಜನ ಅಲ್ಲಿಗೆ ಹೂವು ತರುತ್ತಾರೆ. ಶಾಲೆಯ ಮಕ್ಕಳು ಬ್ಯಾಂಡ್ ಬಾರಿಸುತ್ತಾ ಸಾಲಾಗಿ ಬರುತ್ತಾರೆ. ಮೇಷ್ಟ್ರು, ಮೇಡಂಗಳಿಗೂ ಹೂವು ಕೊಡುತ್ತಾರೆ. ಮೇ 22ಕ್ಕೆ ಸೋಫಿಯಾ ತಲುಪುವಂತೆ, 26ಕ್ಕೆ ವಾಪಸಾಗುವಂತೆ ಟಿಕೆಟ್ ಮಾಡಿಸಲು ಮಗನಿಗೆ ಹೇಳಿ. ರಿಲಾ 23ಕ್ಕೆ ಮುಗಿಸಿ, ಬೊಯಾನಾ 25ಕ್ಕೆ ಇಡಿ. 24ರ ಬೆಳಿಗ್ಗೆ ಬೇರೆ ಏನೂ ಇಟ್ಟುಕೊಳ್ಳಬೇಡಿ. ನೀರಿನ ನಲ್ಲಿಯ ಹತ್ತಿರ ಬಾಟಲಿ ತುಂಬಿಸಿಕೊಂಡು, ಒಂದು ಗುಲಾಬಿ ಕೊಂಡು, ನಿಧಾನವಾಗಿ ಗ್ರಂಥಾಲಯದ ಕಡೆ ನಡೆಯಿರಿ.